ರಗಡ್ ಹಾರ್ಡ್ ಡಿಸ್ಕ್: ಕವಚಕ್ಕೆಂದು ಕೊಡುವ ಹೆಚ್ಚಿನ ಹಣ ಸಾರ್ಥಕವೇ?

ಪಶ್ಚಿಮ ಘಟ್ಟದಲ್ಲಿ ಹಕ್ಕಿಗಳ ಫೋಟೊ ತೆಗೆಯುತ್ತ ತಿರುಗುವ ನೀವು 2 ಟಿಬಿಯ ರಗಡ್, ಅಂದರೆ ಪೆಟ್ಟು ತಾಳಲೆಂದು ಕವಚ ಹೊದಿಸಿದ, ಹಾರ್ಡ್ ಡಿಸ್ಕ್ ಕೊಳ್ಳಲು ಹೊರಟಿದ್ದೀರಿ. ಕೊಂಡವರಲ್ಲಿ ಒಬ್ಬರು ‘ಎರಡು ಸಲ ಬಿದ್ದರೂ ಏನೂ ಆಗಲಿಲ್ಲ’ ಎಂದು ಬರೆದರೆ ಇನ್ನೊಬ್ಬರು ‘ಮೂರೇ ತಿಂಗಳಿಗೆ ಕೈಕೊಟ್ಟಿತು’ ಎಂದು ಬರೆಯುತ್ತಾರೆ, ಯಾರನ್ನು ನಂಬುವುದು ಎಂದು ಕೇಳಿದ್ದೀರಿ. ಇಬ್ಬರನ್ನೂ ನಂಬಿ. ಒಬ್ಬರು ಹೊರಗಿನ ಚಿಪ್ಪಿನ ಬಗ್ಗೆ ಹೇಳುತ್ತಿದ್ದಾರೆ, ಇನ್ನೊಬ್ಬರು ಒಳಗಿನ ಡಿಸ್ಕಿನ ಬಗ್ಗೆ.

ನಾನು ಕುಂದಾಪುರದ ಕಡೆಯವನು. ಯಕ್ಷಗಾನ ಮತ್ತು ಮದುವೆಗಳ ವಿಡಿಯೊ ಮಾಡುವುದು ಕಸುಬು. ನವೆಂಬರ್‌ನಿಂದ ಮೇ ತನಕ ಮೇಳಗಳ ತಿರುಗಾಟ ಇರುವಷ್ಟು ದಿನ ನಮಗೂ ತಿರುಗಾಟವೇ. ಇಡೀ ರಾತ್ರಿಯ ಆಟವನ್ನು ಒಂದೇ ಕ್ಯಾಮೆರಾದಲ್ಲಿ, ಸೆಕೆಂಡಿಗೆ 100 ಮೆಗಾಬಿಟ್‌ನ 4ಕೆ ಗುಣಮಟ್ಟದಲ್ಲಿ ಹಿಡಿದರೂ ಗಂಟೆಗೆ 45 ಜಿಬಿ, ಎಂಟು ಗಂಟೆಗೆ 360 ಜಿಬಿ. ಮರುದಿನ ಇನ್ನೊಂದು ಊರು. ಕಾರ್ಡ್‌ಗಳನ್ನು ಖಾಲಿ ಮಾಡದೆ ಗತಿಯಿಲ್ಲ. ಹಾಗಾಗಿ ಈ ರಬ್ಬರು ಹೊದ್ದ ಡಿಸ್ಕ್‌ಗಳು ನನ್ನ ಚೀಲದಲ್ಲಿ ಬಹಳ ಕಾಲದಿಂದ ಇವೆ.

ಮೊದಲು ಬೀಳುವ ವಿಷಯ. ಪೆಟ್ಟಿಗೆಯ ಮೇಲೆ ‘ಸೇನಾ ದರ್ಜೆ’ ಎಂದು ದಪ್ಪ ಅಕ್ಷರದಲ್ಲಿ ಬರೆದಿರುತ್ತಾರಲ್ಲ, ಅದು ಸಾಮಾನ್ಯವಾಗಿ ಅಮೆರಿಕದ ಮಿಲ್-ಎಸ್‌ಟಿಡಿ-810ಜಿ ಎಂಬ ಮಾನದಂಡದ ಬೀಳಿಸುವ ಪರೀಕ್ಷೆ. 122 ಸೆಂಟಿಮೀಟರ್ ಎತ್ತರದಿಂದ 26 ಬಾರಿ ಬೀಳಿಸುತ್ತಾರೆ: ಆರು ಮುಖ, ಹನ್ನೆರಡು ಅಂಚು, ಎಂಟು ಮೂಲೆ. ಬೀಳುವುದು ಎರಡು ಇಂಚು ದಪ್ಪದ ಪ್ಲೈವುಡ್ ಮೇಲೆ. ಆ 26 ಪೆಟ್ಟನ್ನೂ ಒಂದೇ ಡಿಸ್ಕ್ ತಿನ್ನಬೇಕೆಂದಿಲ್ಲ, ಐದರ ನಡುವೆ ಹಂಚಿಕೊಳ್ಳಲು ಅವಕಾಶವಿದೆ. ಸೇನೆಯವರು ಬಂದು ಮುದ್ರೆ ಒತ್ತಿ ಹೋಗುವ ಪದ್ಧತಿಯೂ ಇಲ್ಲ, ಕಂಪನಿಯೇ ಪರೀಕ್ಷಿಸಿ ಹಾಗೆ ಬರೆದುಕೊಳ್ಳಬಹುದು. ಇದೆಲ್ಲ ಮೋಸ ಎಂದು ನಾನು ಹೇಳುತ್ತಿಲ್ಲ. ಟ್ರಾನ್ಸೆಂಡ್‌ನ ಸ್ಟೋರ್‌ಜೆಟ್ 25ಎಂ3 ಆಗಲಿ, 1.2 ಮೀಟರ್ ಎತ್ತರದಿಂದ ಬಿದ್ದರೆ ತಾಳುತ್ತದೆ ಎನ್ನುವ ಲಾಸಿಯ ಕಿತ್ತಳೆ ಬಣ್ಣದ ರಗಡ್ ಮಿನಿ ಆಗಲಿ, ಸೊಂಟದ ಎತ್ತರದಿಂದ ಬಿದ್ದರೆ ಬದುಕುವ ಸಂಭವ ಸಾದಾ ಡಿಸ್ಕ್‌ಗಿಂತ ಖಂಡಿತ ಹೆಚ್ಚು. ಆದರೆ ಆ ಮಾತಿಗೆ ಒಂದು ಷರತ್ತಿದೆ: ಬೀಳುವಾಗ ಡಿಸ್ಕ್ ಆಫ್ ಆಗಿರಬೇಕು.

ಈ ಷರತ್ತು ಯಾಕೆ ಎಂಬುದು ತಿಳಿದರೆ ಅರ್ಧಕ್ಕರ್ಧ ದೂರುಗಳ ಗುಟ್ಟು ಬಿಡಿಸಿಕೊಳ್ಳುತ್ತದೆ. ಒಳಗಿರುವ ತಟ್ಟೆ ನಿಮಿಷಕ್ಕೆ ಸಾಮಾನ್ಯವಾಗಿ 5,400 ಸುತ್ತು ತಿರುಗುತ್ತದೆ. ಓದುವ ತಲೆ ಅದರಿಂದ ಕೆಲವೇ ನ್ಯಾನೊಮೀಟರ್ ಮೇಲೆ ತೇಲುತ್ತಿರುತ್ತದೆ. ನಮ್ಮ ಒಂದು ತಲೆಕೂದಲೇ ಹತ್ತಾರು ಸಾವಿರ ನ್ಯಾನೊಮೀಟರ್ ದಪ್ಪ. ಡಿಸ್ಕ್ ನಿಂತಾಗ ಆ ತಲೆ ತಟ್ಟೆಯಿಂದ ಪಕ್ಕಕ್ಕೆ ಸರಿದು ಒಂದು ಇಳಿಜಾರಿನ ಮೇಲೆ ಕೂರುತ್ತದೆ, ಆಗ ಪೆಟ್ಟು ಬಿದ್ದರೂ ತಟ್ಟೆಗೆ ತಾಗುವುದಿಲ್ಲ. ಎರಡೂವರೆ ಇಂಚಿನ ಡಿಸ್ಕ್‌ಗಳ ವಿವರಪತ್ರದಲ್ಲಿ ತಾಳುವ ಪೆಟ್ಟು ಆಫ್ ಇದ್ದಾಗ 1,000 ಜಿ (ಗುರುತ್ವದ ಸಾವಿರ ಪಟ್ಟು), ಓಡುತ್ತಿದ್ದಾಗ 400 ಜಿ ಎಂಬಂಥ ಅಂಕಿಗಳು ಕಾಣುವುದು ಈ ಕಾರಣಕ್ಕೆ. ರಬ್ಬರು ಪೆಟ್ಟನ್ನು ಮೆತ್ತಗಾಗಿಸಬಹುದು. ತಿರುಗುತ್ತಿರುವ ತಟ್ಟೆಯ ಹಣೆಬರಹವನ್ನು ಅದು ಬದಲಿಸಲಾರದು.

ನನ್ನ ಕಣ್ಣೆದುರೇ ಎರಡೂ ನಡೆದಿವೆ. ಒಂದು ಡಿಸ್ಕ್ ಸ್ಕೂಟರಿನ ಮುಂದಿಟ್ಟಿದ್ದ ಚೀಲದಿಂದ ಜಾರಿ ಮುರಕಲ್ಲಿನ ದಾರಿಗೆ ಬಿತ್ತು. ಮೂಲೆಯ ರಬ್ಬರು ಸೀಳಿ ಒಳಗಿನ ಪ್ಲಾಸ್ಟಿಕ್ ಕಾಣುತ್ತಿದೆ, ಡಿಸ್ಕ್ ಇಂದಿಗೂ ಓಡುತ್ತಿದೆ. ಇನ್ನೊಂದು ಬೇರೆ ಕಂಪನಿಯದು. ಬೆಳಗಿನ ಜಾವ ಆಟ ಮುಗಿದು, ವೇಷ ಕಟ್ಟುವ ಚೌಕಿಯ ಪಕ್ಕದ ಮೇಜಿನ ಮೇಲೆ ಕಾರ್ಡ್‌ನಿಂದ ಡಿಸ್ಕಿಗೆ ಫೈಲುಗಳ ಕಾಪಿ ನಡೆಯುತ್ತಿತ್ತು. ಶಾಮಿಯಾನದವರು ಮೇಜು ಬೇಕೆಂದು ಅವಸರ ಮಾಡಿದಾಗ ಸಹಾಯಕ ಹುಡುಗ ಲ್ಯಾಪ್‌ಟಾಪ್ ಎತ್ತಿಕೊಂಡ; ಡಿಸ್ಕ್ ಕೇಬಲ್ಲಿನಲ್ಲಿ ನೇತಾಡಿ ಮೇಜಿನ ಕಾಲಿಗೆ ಬಡಿಯಿತು. ಬಿದ್ದೇ ಇಲ್ಲ, ಬರೀ ಬಡಿದದ್ದು. ಹೊರಗೆ ಒಂದು ಗೀರೂ ಇಲ್ಲ. ಒಳಗಿನಿಂದ ಮಾತ್ರ ಟಿಕ್, ಟಿಕ್, ಸ್ವಲ್ಪ ಮೌನ, ಮತ್ತೆ ಟಿಕ್, ಟಿಕ್. ತಲೆ ತನ್ನ ಜಾಗ ಹುಡುಕಿ ಸೋಲುವ ಸದ್ದು ಅದು. ಅದು ಕೇಳಿಸಿದ ಕೂಡಲೇ ಕೇಬಲ್ ಕಿತ್ತುಬಿಡಿ. ಇನ್ನೊಮ್ಮೆ ನೋಡೋಣ ಎಂದು ಚುಚ್ಚುತ್ತ ಕೂತರೆ, ವಿಂಡೋಸ್‌ನ ರಿಪೇರಿ ಆಯ್ಕೆ ಒತ್ತಿದರೆ, ಉಳಿದದ್ದೂ ಕೆರೆದು ಹೋಗುತ್ತದೆ. ಬೆಂಗಳೂರಿನಲ್ಲಿ ಡೇಟಾ ಹೊರತೆಗೆದುಕೊಡುವವರು ಹೇಳಿದ ದರದಲ್ಲಿ ಅಂಥ ಹಲವು ಹೊಸ ಡಿಸ್ಕ್‌ಗಳು ಬರುತ್ತಿದ್ದವು. ಕಾರ್ಡ್‌ಗಳನ್ನು ಇನ್ನೂ ಅಳಿಸಿರಲಿಲ್ಲವಾದ್ದರಿಂದ ಆ ಖರ್ಚು ಬೇಕಾಗಲಿಲ್ಲ. ವಾರಂಟಿಯಲ್ಲಿ ಬದಲಿ ಡಿಸ್ಕ್ ಕೊಟ್ಟರು, ಅದೂ ದುರಸ್ತಿ ಮಾಡಿದ್ದು. ವಾರಂಟಿ ಎಂದರೆ ಡಬ್ಬಿಗೆ ಡಬ್ಬಿ. ಒಳಗಿದ್ದ ವಸ್ತು ನಿಮ್ಮ ಪಾಡು. ಡೇಟಾ ಮರಳಿ ತೆಗೆದುಕೊಡುವ ಸೇವೆಯನ್ನೂ ಸೇರಿಸಿ ಮಾರುವ ಕಂಪನಿಗಳಿವೆ. ಅದೊಂದು ಸಾಲು ಪೆಟ್ಟಿಗೆಯ ಮೇಲೆ ಇದೆಯೇ ನೋಡಿ, ‘ಸೇನಾ ದರ್ಜೆ’ಗಿಂತ ಹೆಚ್ಚು ಬೆಲೆಬಾಳುವ ಸಾಲು.

ಇನ್ನು ಮಳೆ. ನಿಮಗೆ ಇದೇ ಮುಖ್ಯ ಎಂದು ತೋರುತ್ತದೆ. ಐಪಿ ಎಂಬ ಎರಡು ಅಕ್ಷರಗಳ ಮುಂದಿನ ಮೊದಲ ಅಂಕಿ ಧೂಳಿನದು, ಎರಡನೆಯದು ನೀರಿನದು. ಐಪಿ65 ಎಂದರೆ ಧೂಳು ಒಳಹೋಗದು, ನೀರು ಚಿಮ್ಮಿದರೆ ತಡೆದೀತು, ಮುಳುಗಿದರೆ ಹೊಣೆಯಿಲ್ಲ. ಐಪಿ67 ಎಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ. ಅಡೇಟಾದ ಎಚ್‌ಡಿ710 ಪ್ರೊ ಎರಡು ಮೀಟರ್ ಆಳದಲ್ಲಿ ಒಂದು ಗಂಟೆ ತಾಳುತ್ತದೆ ಎಂದು ಕಂಪನಿ ಹೇಳುತ್ತದೆ. ಪೋರ್ಟಿನ ಮುಚ್ಚಳ ಸರಿಯಾಗಿ ಮುಚ್ಚಿದ್ದರೆ, ಎಂದು ಸೇರಿಸಿಕೊಂಡು ಓದಬೇಕು. ಸಾಮಾನ್ಯ ಹಾರ್ಡ್ ಡಿಸ್ಕಿಗೆ ಒಳಗಿನ ಗಾಳಿಯೊತ್ತಡ ಸರಿಹೊಂದಿಸಲು ಫಿಲ್ಟರ್ ಇರುವ ಒಂದು ಪುಟ್ಟ ರಂಧ್ರ ಇದ್ದೇ ಇರುತ್ತದೆ. ಹಾಗಾಗಿ ನೀರು ತಡೆಯುವ ಹೊಣೆಯೆಲ್ಲ ಹೊರಗಿನ ಚಿಪ್ಪಿನದು ಮತ್ತು ಆ ಮುಚ್ಚಳದ್ದು. ಒಂದೆರಡು ವರ್ಷ ಬಳಸಿದ ಡಿಸ್ಕಿನ ಮುಚ್ಚಳವನ್ನು ಹತ್ತಿರದಿಂದ ನೋಡಿ: ಕಿರುಬೆರಳಿನ ಉಗುರಿನಷ್ಟು ರಬ್ಬರು ಪಟ್ಟಿ, ಬುಡದಲ್ಲಿ ಬಿಳಿಚಿಕೊಂಡು ಸೀಳು ಬಿಟ್ಟಿರುತ್ತದೆ, ಒತ್ತಿದರೆ ಮತ್ತೆ ಎದ್ದು ನಿಲ್ಲುತ್ತದೆ. ಅಂಥದ್ದನ್ನು ನಂಬಿ ಆಗುಂಬೆಯ ಆಷಾಢಕ್ಕೆ ಹೋಗುವುದು ಬೇಡ. ಜಿಪ್ ಇರುವ ಪ್ಲಾಸ್ಟಿಕ್ ಚೀಲ, ಅದರೊಳಗೆ ಎರಡು ಸಿಲಿಕಾ ಜೆಲ್ ಪೊಟ್ಟಣ ಸಾಕು. ಎಸಿ ಕಾರಿನಿಂದ ಇಳಿದ ಕೂಡಲೇ ಡಿಸ್ಕ್ ಚುಚ್ಚಬೇಡಿ. ತಣ್ಣಗಿನ ಡಿಸ್ಕಿನ ಮೇಲೆ ಹೊರಗಿನ ತೇವ ಬೆವರಿನಂತೆ ಕೂರುತ್ತದೆ. ಚೀಲದೊಳಗೇ ಬಿಸಿಯೇರಲು ಬಿಟ್ಟು ಆಮೇಲೆ ತೆಗೆಯಿರಿ.

ಕೊಂಡವರ ಮಾತು ಓದುವಾಗ ತಾರೆಗಳನ್ನು ಎಣಿಸಬೇಡಿ, ಎಷ್ಟು ದಿನ ಬಳಸಿ ಬರೆದಿದ್ದಾರೆ ಎಂಬುದನ್ನು ಹುಡುಕಿ. ಐದು ತಾರೆಗಳಲ್ಲಿ ಬಹುಪಾಲು ಪೆಟ್ಟಿಗೆ ಬಿಚ್ಚಿದ ವಾರದೊಳಗಿನ ಸಂತೋಷ. ಒಂದು ತಾರೆಯವುಗಳಲ್ಲಿ ಕೆಲವನ್ನು ಪಕ್ಕಕ್ಕಿಡಬಹುದು. ‘2 ಟಿಬಿ ಎಂದು ಹೇಳಿ 1.81 ಕೊಟ್ಟಿದ್ದಾರೆ’ ಎಂಬುದು ಕಂಪನಿ ಸಾವಿರದ ಲೆಕ್ಕದಲ್ಲಿ, ವಿಂಡೋಸ್ 1,024ರ ಲೆಕ್ಕದಲ್ಲಿ ಎಣಿಸುವುದರಿಂದ ಹುಟ್ಟುವ ಗೊಂದಲ. ‘ಚುಚ್ಚಿದರೆ ಬರೀ ಕುಂಯ್‌ಗುಡುತ್ತದೆ’ ಎಂಬುದು ಎಷ್ಟೋ ಸಲ ಹಳೆಯ ಪೋರ್ಟಿನಲ್ಲಿ ಕರೆಂಟು ಸಾಲದ್ದರಿಂದ; ಯುಎಸ್‌ಬಿ 2 ಪೋರ್ಟಿಗೆ ನಿಗದಿಯಾದದ್ದು 500 ಮಿಲಿಆಂಪ್, ಯುಎಸ್‌ಬಿ 3ಕ್ಕೆ 900.

‘ಮೊದಲು ವೇಗ, ಆಮೇಲೆ ಆಮೆ’ ಎಂಬ ದೂರು ಮಾತ್ರ ನಿಜವಾದದ್ದು. ಈ ಗಾತ್ರದ ಹೆಚ್ಚಿನ ಡಿಸ್ಕ್‌ಗಳು ಎಸ್‌ಎಂಆರ್ ವಿಧಾನದವು. ಹೆಚ್ಚು ಡೇಟಾ ಹಿಡಿಸಲು ಒಂದು ಸಾಲಿನ ಮೇಲೆ ಇನ್ನೊಂದನ್ನು ಹಂಚು ಹೊದಿಸಿದ ಹಾಗೆ ಒತ್ತೊತ್ತಾಗಿ ಬರೆಯುತ್ತವೆ; ಹಾಗಾಗಿ ಒಂದು ಸಾಲನ್ನು ಬದಲಿಸಲು ಪಕ್ಕದವನ್ನೂ ಮತ್ತೆ ಬರೆಯಬೇಕಾಗುತ್ತದೆ. ಸೆಕೆಂಡಿಗೆ 120 ಎಂಬಿ ವೇಗ ಉಳಿದರೆ ನನ್ನ 360 ಜಿಬಿ ಐವತ್ತು ನಿಮಿಷದಲ್ಲಿ ಮುಗಿಯಬೇಕು. ಒಮ್ಮೆ ತುಂಬಿ, ಅಳಿಸಿ, ಮತ್ತೆ ತುಂಬುವ ಡಿಸ್ಕಿನಲ್ಲಿ ವೇಗ 40ಕ್ಕೆ ಕುಸಿದರೆ ಅದೇ ಕೆಲಸಕ್ಕೆ ಎರಡೂವರೆ ಗಂಟೆ. ನಿಮ್ಮ ಫೋಟೊಗಳಿಗೆ ಇದು ಅಷ್ಟು ಕಾಡಲಾರದು, ವಿಡಿಯೊದವರಿಗೆ ಕಾಡುತ್ತದೆ.

ಗಮನಕೊಟ್ಟು ಓದಬೇಕಾದದ್ದು ಪೋರ್ಟಿನ ದೂರುಗಳನ್ನು. ನನ್ನ ಬಳಗದಲ್ಲಿ ಬಿದ್ದು ಸತ್ತ ಡಿಸ್ಕ್‌ಗಳಿಗಿಂತ ಪೋರ್ಟ್ ಸಡಿಲವಾಗಿ ಮೂಲೆ ಸೇರಿದವೇ ಹೆಚ್ಚು. ಆ ಅಗಲವಾದ, ಎರಡು ತುಂಡು ಜೋಡಿಸಿದಂತಿರುವ ಮೈಕ್ರೋ-ಬಿ ಪಿನ್ನು ಸ್ವಲ್ಪ ಅಲುಗಾಡಿದರೆ ಕಾಪಿ ನಡುವೆಯೇ ನಿಲ್ಲುತ್ತದೆ, ಫೈಲು ಹಾಳಾಗುತ್ತದೆ. ಟೈಪ್-ಸಿ ಪೋರ್ಟ್ ಇರುವುದನ್ನೇ ಆರಿಸಿ. ಇನ್ನೊಂದು ವಿಷಯವನ್ನು ಅಂಗಡಿಯವರು ಹೇಳುವುದಿಲ್ಲ. ಕೆಲವು ಸಾದಾ ಪೋರ್ಟಬಲ್ ಡಿಸ್ಕ್‌ಗಳಲ್ಲಿ ಯುಎಸ್‌ಬಿ ಪೋರ್ಟನ್ನು ಡಿಸ್ಕಿನ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಪೋರ್ಟ್ ಮುರಿದರೆ ಬೋರ್ಡ್ ರಿಪೇರಿಯೇ ಗತಿ. ಒಳಗೆ ಲ್ಯಾಪ್‌ಟಾಪ್‌ನೊಳಗೆ ಹಾಕುವಂಥ ಮಾಮೂಲಿ ಸಾಟಾ ಡಿಸ್ಕ್ ಇಟ್ಟು ನಡುವೆ ಬೇರೆ ಸಣ್ಣ ಬೋರ್ಡ್ ಜೋಡಿಸಿದ್ದರೆ, ವಾರಂಟಿ ಮುಗಿದ ಮೇಲೆ ಚಿಪ್ಪು ಬಿಚ್ಚಿ ಇನ್ನೊಂದು ಕೇಸಿಗೆ ಹಾಕಿ ಡೇಟಾ ತೆಗೆದುಕೊಳ್ಳಬಹುದು. ಮಾದರಿಯ ಹೆಸರು ಹಾಕಿ, ಬಿಚ್ಚಿ ತೋರಿಸಿದ ವಿಡಿಯೊ ಹುಡುಕಿದರೆ ಎರಡೇ ನಿಮಿಷದಲ್ಲಿ ಗೊತ್ತಾಗುತ್ತದೆ.

ಹಾಗಾದರೆ ಕೊಳ್ಳಬೇಕೇ? ನಿಮ್ಮ ಜಾಗದಲ್ಲಿ ನಾನಿದ್ದರೆ ಕಾಡಿಗೆ ಹಾರ್ಡ್ ಡಿಸ್ಕ್ ಒಯ್ಯುತ್ತಲೇ ಇರಲಿಲ್ಲ. ನೀವು ಒಂದು ಸಲದ ತಿರುಗಾಟದಲ್ಲಿ ತೆಗೆಯುವ ಫೋಟೊಗಳಿಗೆ 2 ಟಿಬಿ ಬೇಕಾಗುವುದಿಲ್ಲ. 1 ಟಿಬಿಯ ರಗಡ್ ಎಸ್‌ಎಸ್‌ಡಿ ಸಾಕು; ಅದು ಮೆಮೊರಿ ಕಾರ್ಡಿನ ಹಾಗೆ ಡೇಟಾ ಇಡುವ ಸಾಧನ, ಅದರಲ್ಲಿ ತಿರುಗುವ ತಟ್ಟೆಯೇ ಇಲ್ಲ, ಕಾಪಿ ಆಗುತ್ತಿರುವಾಗ ಜೀಪು ಕುಲುಕಿದರೂ ಚಿಂತೆಯಿಲ್ಲ. 2022ರಲ್ಲಿ ಬಂದ ಸ್ಯಾಮ್‌ಸಂಗ್ ಟಿ7 ಶೀಲ್ಡ್ ಅಂಥದ್ದು: ಐಪಿ65, ಮೂರು ಮೀಟರ್ ಎತ್ತರದಿಂದ ಬಿದ್ದರೂ ತಾಳುತ್ತದೆ ಎಂಬ ಭರವಸೆ. ಮನೆಯಲ್ಲಿ ಮೇಜು ಬಿಟ್ಟು ಕದಲದ ಸಾದಾ ಹಾರ್ಡ್ ಡಿಸ್ಕ್ ಒಂದಿರಲಿ. ಎಸ್‌ಎಸ್‌ಡಿಯನ್ನೇ ಸಂಗ್ರಹ ಮಾಡಿಕೊಳ್ಳಬೇಡಿ, ವರ್ಷಗಟ್ಟಲೆ ಕರೆಂಟು ಕಾಣದೆ ಕಪಾಟಿನಲ್ಲಿ ಬಿದ್ದರೆ ಅದರಲ್ಲಿನ ಡೇಟಾ ಮಾಸುವ ಸಾಧ್ಯತೆ ಇದೆ. ರಗಡ್ ಹಾರ್ಡ್ ಡಿಸ್ಕ್ ನಿಜಕ್ಕೂ ಹೊಂದುವುದು ನನ್ನಂಥವರಿಗೆ: ದಿನಕ್ಕೆ ನೂರಾರು ಜಿಬಿ ತುಂಬಬೇಕು, ಅಷ್ಟು ಎಸ್‌ಎಸ್‌ಡಿಗೆ ಕೈಯಲ್ಲಿ ಕಾಸಿಲ್ಲ, ಡಿಸ್ಕನ್ನು ಊರಿಂದೂರಿಗೆ ಹೊರಲೇಬೇಕು.

ಎಸ್‌ಎಸ್‌ಡಿ ಕೈಗೆಟುಕದಿದ್ದರೆ, ಆ ಹೆಚ್ಚಿನ ಹಣ ಒಂದು ರಗಡ್ ಡಿಸ್ಕಿಗೋ ಎರಡು ಸಾದಾ ಡಿಸ್ಕಿಗೋ ಎಂಬ ಆಯ್ಕೆ ಬಂದಲ್ಲಿ ಕಣ್ಣು ಮುಚ್ಚಿ ಎರಡು ಸಾದಾ ತೆಗೆದುಕೊಂಡು, ಎರಡರಲ್ಲೂ ಒಂದೊಂದು ಪ್ರತಿ ಇಡಿ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಮನೆಯಾಚೆ ಎಂಬ ಸೂತ್ರವನ್ನು ಬಳಕೆಗೆ ತಂದ ಪೀಟರ್ ಕ್ರೋಗ್ ಕೂಡ ಫೋಟೊಗ್ರಾಫರೇ.

ಯಾವುದನ್ನೇ ತರಿಸಿದರೂ ಮರಳಿಸುವ ಗಡುವು ಮುಗಿಯುವ ಮೊದಲು ಅದನ್ನು ಒಮ್ಮೆ ಪೂರ್ತಿ ತುಂಬಿ ನೋಡಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶದಲ್ಲಿ ಅದು ಎಷ್ಟು ಗಂಟೆ ಓಡಿದೆ ಎಂದೂ ನೋಡಿ; ಹೊಸದೆಂದು ಮಾರಿದ ಡಿಸ್ಕ್ ನೂರಾರು ಗಂಟೆ ತೋರಿಸಿದರೆ ಮರುಮಾತಿಲ್ಲದೆ ಹಿಂದಿರುಗಿಸಿ. ಹಿಂಬದಿಯ ಕ್ರಮಸಂಖ್ಯೆಯನ್ನು ಕಂಪನಿಯ ತಾಣದಲ್ಲಿ ಹಾಕಿದರೆ ಭಾರತದಲ್ಲಿ ವಾರಂಟಿ ಎಂದಿನವರೆಗೆ ಎಂಬುದು ತಿಳಿಯುತ್ತದೆ. ನಿಮ್ಮ ಲ್ಯಾಪ್‌ಟಾಪ್ ಯಾವುದು, ಟೈಪ್-ಸಿ ಪೋರ್ಟ್ ಇದೆಯೇ ಎಂದು ಬರೆದಿಲ್ಲ. ತಿಳಿಸಿದರೆ ಯಾವ ಕೇಬಲ್ ಬೇಕು ಎಂಬುದನ್ನೂ ಹೇಳುತ್ತೇನೆ.