ಸರ್ಕಾರಿ ಸಂಶೋಧನಾ ಕೇಂದ್ರದ ಪೇಟೆಂಟ್ ಕೆಲಸಕ್ಕೆ ಎಲ್‌ಎಲ್‌ಬಿ ಬೇಕಾ?

ಮಗಳು ಎಂಎಸ್ಸಿ ಬಾಟನಿ ಮುಗಿಸಿದ್ದಾಳೆ, ನಮ್ಮ ಚೆಟ್ಟಳ್ಳಿಯಲ್ಲಿರುವಂಥ ಸರ್ಕಾರಿ ಸಂಶೋಧನಾ ಕೇಂದ್ರಕ್ಕೆ ಪೇಟೆಂಟ್ ಕೆಲಸ ಮಾಡಲು ಎಲ್‌ಎಲ್‌ಬಿ ಬೇಕಾ ಅಂತ ಕೇಳಿದ್ದೀರಿ. ಬೇಡ ಸರ್. 1970ರ ಪೇಟೆಂಟ್ ಕಾಯ್ದೆ ಪ್ರಕಾರ ವಿಜ್ಞಾನದ ಪದವಿ ಇದ್ದು, 21 ವರ್ಷ ತುಂಬಿ, ಪೇಟೆಂಟ್ ಏಜೆಂಟ್ ಪರೀಕ್ಷೆ ಪಾಸಾದರೆ ಏಜೆಂಟ್ ಆಗಿ, ಅಂದರೆ ಬೇರೆಯವರ ಪರವಾಗಿ ಪೇಟೆಂಟ್ ಅರ್ಜಿ ಬರೆದು ಸಲ್ಲಿಸುವವಳಾಗಿ, ನೋಂದಣಿ ಮಾಡಿಸಬಹುದು. ಕೋರ್ಟಿನಲ್ಲಿ ವಾದ ಮಾಡೋದಾದರೆ ವಕೀಲರೇ ಆಗಿರಬೇಕು.

ನನ್ನ ಪ್ರಕಾರ ಪರೀಕ್ಷೆಗಿಂತ ಕಷ್ಟದ್ದು ವಿಜ್ಞಾನಿಗಳಿಂದ ವಿಷಯ ಹೊರಡಿಸೋದು. ಹೊಸ ಕಾಫಿ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ತೋರಿಸಿ ‘ಚೆನ್ನಾಗಿ ಓಡುತ್ತೆ’ ಅಂತಾರೆ. ಅಷ್ಟು ಸಾಲದು. ಹಳೆಯದರಲ್ಲಿಲ್ಲದ ಯಾವ ಭಾಗ ಇದರಲ್ಲಿದೆ, ಬೀಜ ಒಡೆಯದಂತೆ ಅದು ಹೇಗೆ ನೋಡಿಕೊಳ್ಳುತ್ತೆ ಅಂತ ಕೆದಕಿ ಕೆದಕಿ ಕೇಳಬೇಕು. ಆಮೇಲೆ ಒಂದೊಂದು ಕ್ಲೇಮನ್ನೂ, ಅಂದರೆ ಯಾವುದರ ಮೇಲೆ ಹಕ್ಕು ಬೇಕು ಅಂತ ಹೇಳುವ ಅಂಶವನ್ನೂ, ಒಂದೇ ವಾಕ್ಯದಲ್ಲಿ ಬರೆಯಬೇಕು. ಅರ್ಜಿ ಹಾಕುವ ಮೊದಲೇ ಲೇಖನ ಪ್ರಕಟಿಸಿಬಿಟ್ಟರೆ ಪೇಟೆಂಟೇ ಕೈತಪ್ಪಬಹುದು. ಇದನ್ನಂತೂ ಪದೇ ಪದೇ ಹೇಳುತ್ತಲೇ ಇರಬೇಕು.

ಇನ್ನೊಂದು ವಿಷಯ. ಕಾಫಿ, ಕರಿಮೆಣಸಿನ ಹೊಸ ತಳಿಗೆ ನಮ್ಮಲ್ಲಿ ಪೇಟೆಂಟ್ ಇಲ್ಲ. ತಳಿಗಳ ರಕ್ಷಣೆಗೆ, ರೈತರ ಹಕ್ಕಿಗೆ 2001ರ ಬೇರೆ ಕಾಯ್ದೆಯೇ ಇದೆ. ಬಾಟನಿ ಓದಿದವಳಿಗೆ ಆ ಕಡೆಯೂ ಒಳ್ಳೆಯದೇ ಅಲ್ವಾ? ಎರಡೂ ಕಾಯ್ದೆ ಓದಿಕೊಳ್ಳಲಿ. ಚೆಟ್ಟಳ್ಳಿಯ ತೋಟಗಾರಿಕಾ ಕೇಂದ್ರ ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಗೆ ಸೇರಿದ್ದು, ಹಾಗಾಗಿ ಕೆಲಸದ ಬಗ್ಗೆ ಅಲ್ಲೂ ವಿಚಾರಿಸಲಿ.