ಜರ್ನಲ್ ಬೇರಿಂಗ್, ಡ್ಯಾಂಪರ್‌ಗಳಲ್ಲಿ ಎಣ್ಣೆಯ ಜಡತ್ವವನ್ನು ಲೆಕ್ಕಕ್ಕೆ ತಗೋಬೇಕಾ?

ತಿರುಗುವ ಶಾಫ್ಟನ್ನು ಎಣ್ಣೆಯ ತೆಳು ಪದರದ ಮೇಲೆ ಹೊರುವ ಮಾಮೂಲಿ ಜರ್ನಲ್ ಬೇರಿಂಗ್‌ನಲ್ಲಿ ಬಿಡಬಹುದು. ಎಣ್ಣೆಯ ಪದರವನ್ನು ಹಿಂಡಿ ಕಂಪನ ತಗ್ಗಿಸುವ ಡ್ಯಾಂಪರ್‌ನಲ್ಲಿ ಬಿಡಬೇಡಿ. ಸ್ಕ್ವೀಜ್ ಫಿಲ್ಮ್ ಡ್ಯಾಂಪರ್ ಹಾಕಿದ ರೋಟರ್‌ನ ಕ್ರಿಟಿಕಲ್ ಸ್ಪೀಡ್ (ಕಂಪನ ಶಿಖರಕ್ಕೇರುವ ವೇಗ) ಲೆಕ್ಕಕ್ಕಿಂತ ಕೆಳಗೆ ಬಂತು, ಎಣ್ಣೆ ಪದರದ ಒತ್ತಡ ಲೆಕ್ಕ ಹಾಕುವ ರೆನಾಲ್ಡ್ಸ್ ಸಮೀಕರಣದಲ್ಲಿ ಜಡತ್ವ ಇಲ್ಲದಿರುವುದೇ ಕಾರಣವಾ ಅಂತ ಕೇಳಿದ್ದೀರಿ. ನನಗೂ ಮೊದಲ ಅನುಮಾನ ಅದರ ಮೇಲೇ.

1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಆ ಸಮೀಕರಣ ಬರೆದಾಗ ಜಡತ್ವ ಕೈಬಿಟ್ಟಿದ್ದು ಸರಿಯೇ. ತೆಳು ಪದರದಲ್ಲಿ ಎಣ್ಣೆಯ ಅಂಟೇ, ಅಂದರೆ ಸ್ನಿಗ್ಧತೆಯೇ, ಯಜಮಾನ. ಎಷ್ಟರ ಮಟ್ಟಿಗೆ ಅಂತ ತಿಳಿಯಲು ನಾನು ಒಂದು ಸಂಖ್ಯೆ ನೋಡುತ್ತೇನೆ: ಸಾಂದ್ರತೆ, ಕೋನವೇಗ, ಕ್ಲಿಯರೆನ್ಸ್‌ನ (ಎಣ್ಣೆ ತುಂಬಿರುವ ಸಂದಿಯ) ವರ್ಗ, ಈ ಮೂರನ್ನೂ ಗುಣಿಸಿ ಸ್ನಿಗ್ಧತೆಯಿಂದ ಭಾಗಿಸಿ. ಎಣ್ಣೆಯ ಸಾಂದ್ರತೆ ಘನ ಮೀಟರಿಗೆ 860 ಕೆಜಿ, ಸ್ನಿಗ್ಧತೆ 0.02 ಪ್ಯಾಸ್ಕಲ್ ಸೆಕೆಂಡ್, ಕ್ಲಿಯರೆನ್ಸ್ 0.1 ಮಿ.ಮೀ., ವೇಗ 3000 ಆರ್‌ಪಿಎಂ ಅಂದುಕೊಳ್ಳಿ. ಉತ್ತರ 0.14. ಈಗ ಡ್ಯಾಂಪರ್: ಕ್ಲಿಯರೆನ್ಸ್ 0.15, ಬಿಸಿಯಾಗಿ ತೆಳುವಾದ ಎಣ್ಣೆ 0.005, ವೇಗ 12000. ಉತ್ತರ 5ರ ಹತ್ತಿರ. ತುದಿಗಳು ತೆರೆದಿರುವ ಗಿಡ್ಡ ಡ್ಯಾಂಪರ್‌ನಲ್ಲಿ, ಶಾಫ್ಟ್ ನಡುಮಧ್ಯೆ ಸಣ್ಣದಾಗಿ ಸುತ್ತುತ್ತಿದ್ದರೆ, ಜಡತ್ವದ ಬಲ ಡ್ಯಾಂಪಿಂಗ್ ಬಲದ ಎಷ್ಟು ಪಾಲು ಅನ್ನುವುದು ಈ ಸಂಖ್ಯೆಯ ಹತ್ತನೇ ಒಂದು. ಅಂದರೆ ಇಲ್ಲಿ ಹೆಚ್ಚುಕಮ್ಮಿ ಅರ್ಧ! ಸುಮ್ನೆ ಬಿಡುವ ಮಾತಲ್ಲ.

ನನಗೆ ಇವತ್ತಿಗೂ ಮಜಾ ಅನ್ನಿಸುವುದು ತೂಕದ ವಿಷಯ. ಅದೇ ಡ್ಯಾಂಪರ್‌ಗೆ ತ್ರಿಜ್ಯ 50 ಮಿ.ಮೀ., ಉದ್ದ 25 ಮಿ.ಮೀ. ಇಟ್ಟರೆ ಒಳಗಿರುವ ಎಣ್ಣೆ ಬರೀ 1 ಗ್ರಾಂ. ಆದರೆ ಅದು ರೋಟರ್‌ಗೆ ಸೇರಿಸುವ ಮಾಸ್ ಸುಮಾರು 1.4 ಕೆಜಿ. ಹೇಗೆ? ದಪ್ಪ ಪುಸ್ತಕವನ್ನು ಪಟ್ಟನೆ ಮುಚ್ಚಿದರೆ ಅಂಚಿನಿಂದ ಗಾಳಿ ರೊಯ್ಯನೆ ಬರುತ್ತೆ, ಅಲ್ವಾ? ಹಾಗೇ ಶಾಫ್ಟ್ ಒಂದಿಷ್ಟು ಸರಿದರೂ ಎಣ್ಣೆ ಆ ಸಂದಿಯಿಂದ ತುದಿಗೆ ಓಡಬೇಕು. ತುದಿಯಲ್ಲಿ ಅದರ ಸರಾಸರಿ ವೇಗ ಶಾಫ್ಟ್ ಸರಿಯುವ ವೇಗದ ಸುಮಾರು 80 ಪಟ್ಟು. ಚಲನಶಕ್ತಿ ವೇಗದ ವರ್ಗದಂತೆ ಏರುವುದರಿಂದ ಗ್ರಾಂ ಕೆಜಿ ಆಗುತ್ತದೆ. ಉದ್ದ ಎರಡು ಪಟ್ಟಾದರೆ ಈ ಮಾಸ್ ಎಂಟು ಪಟ್ಟು.

ಈ ಬಲ ವೇಗಕ್ಕಲ್ಲ, ವೇಗೋತ್ಕರ್ಷಕ್ಕೆ ಎದುರು ನಿಲ್ಲುತ್ತದೆ. ಹಾಗಾಗಿ ಡ್ಯಾಂಪಿಂಗ್ ಜಾಸ್ತಿ ಮಾಡುವುದಿಲ್ಲ, ಕ್ರಿಟಿಕಲ್ ಸ್ಪೀಡನ್ನು ಕೆಳಗೆ ಎಳೆಯುತ್ತದೆ. ಭಾರೀ ರೋಟರ್‌ನಲ್ಲಿ ಇದು ಕಾಣಿಸುವುದೇ ಇಲ್ಲ. ಹಗುರ ರೋಟರ್‌ನಲ್ಲಿ ಚೆನ್ನಾಗಿ ಕಾಣುತ್ತದೆ. ಮಧ್ಯದಲ್ಲಿ ಎಣ್ಣೆ ಬರುವ ಗ್ರೂವ್ ಇದ್ದರೆ, ಅಲ್ಲಿ ಒತ್ತಡ ಏರಿಳಿಯುವುದಿಲ್ಲ ಅಂತ ಇಟ್ಟುಕೊಳ್ಳಬೇಡಿ. ಗ್ರೂವ್ ಆಳವಾಗಿರುವುದರಿಂದ ಅಲ್ಲಿ ಅಂಟಿನ ಪಾತ್ರ ಕಡಿಮೆ, ಜಡತ್ವದ್ದೇ ಜಾಸ್ತಿ.

ಟರ್ಬುಲೆನ್ಸ್ (ಹರಿವು ಸುಳಿಸುಳಿಯಾಗುವುದು) ಬೇರೆ ವಿಷಯ, ಇದರ ಜೊತೆ ಬೆರೆಸಬೇಡಿ. ನೀರಿನಲ್ಲಿ ಓಡುವ ಬೇರಿಂಗ್, ಪಂಪಿನ ಸೀಲ್‌ಗಳಲ್ಲಿ ಸ್ನಿಗ್ಧತೆ ತೀರಾ ಕಡಿಮೆ. ಅಲ್ಲಿ ಜಡತ್ವ ಮೊದಲಿನಿಂದಲೇ ಲೆಕ್ಕದಲ್ಲಿರಬೇಕು.

ನಿಮ್ಮ ಯಂತ್ರದಲ್ಲಿ ಹೀಗೆ ಪರೀಕ್ಷಿಸಿ: ಎಣ್ಣೆಯನ್ನು ಇನ್ನಷ್ಟು ಬಿಸಿ ಮಾಡಿ ಓಡಿಸಿ. ಡ್ಯಾಂಪಿಂಗ್ ಸ್ನಿಗ್ಧತೆಯ ಜೊತೆ ಇಳಿಯುತ್ತದೆ, ಸೇರಿದ ಮಾಸ್ ಹೆಚ್ಚು ಬದಲಾಗುವುದಿಲ್ಲ. ಕಂಪನದ ಶಿಖರ ಚೂಪಾಗಿಯೂ ಅದೇ ಕಡಿಮೆ ವೇಗದಲ್ಲೇ ನಿಂತರೆ ಜಡತ್ವದ ಕಡೆಗೆ ಬೆರಳು ತೋರಿಸಬಹುದು. ಎಣ್ಣೆಯ ಸಪ್ಲೈ ಒತ್ತಡ ಮಾತ್ರ ಇಳಿಯದಂತೆ ನೋಡಿಕೊಳ್ಳಿ. ಪದರ ಒಡೆದು ಗಾಳಿ ಸೇರಿದರೆ ಮಾಸ್ ಕೂಡ ಕುಸಿಯುತ್ತದೆ, ಆಗ ಪರೀಕ್ಷೆಯಿಂದ ಏನೂ ಗೊತ್ತಾಗುವುದಿಲ್ಲ.