ಮಾರ್ಚ್ ಬಂತೆಂದರೆ ಐಟಿ ನೋಟಿಸ್ ಯಾಕೆ?

ಬಜೆಟ್ ಟಾರ್ಗೆಟ್ ಮುಟ್ಟಿಸಲು ಐಟಿಯವರು ಮಾರ್ಚ್‌ನಲ್ಲಿ ನೋಟಿಸ್ ಕಳಿಸುತ್ತಾರಾ ಅಂತ ಕೇಳಿದ್ದೀರಿ. ಅರ್ಧ ನಿಜ ಸರ್.

ಬಜೆಟ್‌ನಲ್ಲಿ ಅಂದಾಜು ಮಾಡಿದ ಆದಾಯ ತೆರಿಗೆಯ ಗುರಿಯನ್ನು ಕೇಂದ್ರ ನೇರ ತೆರಿಗೆ ಮಂಡಳಿ ವಲಯಗಳಿಗೆ ಹಂಚುತ್ತದೆ. ಕರ್ನಾಟಕ, ಗೋವಾ ಸೇರಿ ಒಂದು ವಲಯ. ಆದರೆ ಹಣದ ದೊಡ್ಡ ಪಾಲು ನೋಟಿಸಿನಿಂದ ಬರುವುದೇ ಇಲ್ಲ, ಟಿಡಿಎಸ್ (ಸಂಬಳ, ಬಡ್ಡಿ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಮತ್ತು ಮುಂಗಡ ತೆರಿಗೆಯಿಂದ (ವರ್ಷದೊಳಗೇ ನಾವೇ ಕಂತಿನಲ್ಲಿ ಕಟ್ಟುವುದು) ತಾನಾಗಿ ಬರುತ್ತದೆ. ಮುಂಗಡ ತೆರಿಗೆಯ ಕೊನೆ ಕಂತು ಮಾರ್ಚ್ 15ಕ್ಕೆ ಅಲ್ವಾ, ಅದಕ್ಕೇ ಆ ಹೊತ್ತಿಗೆ ಬ್ಯಾಂಕ್, ಸಬ್ ರಿಜಿಸ್ಟ್ರಾರ್ ಆಫೀಸ್, ಮ್ಯೂಚುವಲ್ ಫಂಡ್‌ನವರು ಕೊಟ್ಟ ಮಾಹಿತಿ ನೋಡಿ "ನಿಮ್ಮ ವಹಿವಾಟಿಗೆ ಕಟ್ಟಿದ ತೆರಿಗೆ ಕಡಿಮೆ ಕಾಣುತ್ತಿದೆ" ಅನ್ನುವಂಥ ಮೆಸೇಜ್ ಕಳಿಸುತ್ತಾರೆ. ಅದು ನೋಟಿಸ್ ಅಲ್ಲ, ಸುಮ್ನೆ ಹೆದರಬೇಡಿ. ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಎಐಎಸ್ (ನಿಮ್ಮ ವಹಿವಾಟುಗಳ ವಾರ್ಷಿಕ ಮಾಹಿತಿ ಪಟ್ಟಿ) ತೆಗೆದು ನೋಡಿ, ತಪ್ಪಿದ್ದರೆ ಅಲ್ಲೇ ಫೀಡ್‌ಬ್ಯಾಕ್ ಕೊಡಿ.

ನಿಜವಾದ ಒತ್ತಡ ಇರುವುದು ಹಳೇ ಬಾಕಿ ವಸೂಲಿಯಲ್ಲಿ. ಹಣಕಾಸು ವರ್ಷದ ಕೊನೆಗೆ, ಅಂದರೆ ಮಾರ್ಚ್‌ನಲ್ಲಿ, ಅದು ಜಾಸ್ತಿ. ಆ ಬಾಕಿಯ ವಿರುದ್ಧ ನೀವು ಹಾಕಿದ ಮೊದಲ ಅಪೀಲು ಇನ್ನೂ ಇತ್ಯರ್ಥವಾಗಿಲ್ಲ ಅಂದರೆ ವಿವಾದದ ಮೊತ್ತದ 20% ಕಟ್ಟಿ ಉಳಿದದ್ದರ ವಸೂಲಿಗೆ ತಡೆ ಕೇಳಬಹುದು, ಮಂಡಳಿಯ 2017ರ ಸೂಚನೆಯೇ ಇದೆ. ಬಾಯಿಮಾತಲ್ಲಿ ಬೇಡ, ಬರೆದೇ ಅರ್ಜಿ ಹಾಕಿ.